ಹೂವಕ್ಕ ಕಾಯ್ದ ತೊಟ್ಟಿಲು

ತೊಟ್ಟಿಲು ಬರಿದಾಗಿತ್ತು. ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಕ್ರಿಸ್‌ಮಸ್ಸಿಗೆ ಕಾಯುವ ಆಗಮನಕಾಲದ ಮೊದಲ ಭಾನುವಾರ. ಚರ್ಚಿನ ಮೂಲೆಯ ಗೋದಲಿಯಲ್ಲಿ ಮಾತೆ ಮರಿಯಳು, ಜೋಸೆಫರು, ಎರಡು ಕುರಿ, ಒಂದು ಕತ್ತೆ, ನಡುವೆ ಹುಲ್ಲು ಹಾಸಿದ ಪುಟ್ಟ ತೊಟ್ಟಿಲು. ಬಾಲಯೇಸು ಮಾತ್ರ ಇಲ್ಲ. "ಇದು ಬರಿದಲ್ಲ, ಬರುವವನಿಗಾಗಿ ಬಿಟ್ಟ ಜಾಗ. ಭರವಸೆ ಅಂದರೆ ಇಷ್ಟೇ, ಜಾಗ ಬಿಟ್ಟು ಕಾಯುವುದು" ಎಂದು ಫಾದರ್ ಬೆಳಗಿನ ಪೂಜೆಯಲ್ಲಿ ಹೇಳಿದ್ದರು.

ಪೀಠಕ್ಕೆ ಹೂ ಜೋಡಿಸುವ ಹೂವಕ್ಕನಿಗೆ ಆ ಮಾತು ತನಗೊಬ್ಬಳಿಗೇ ಹೇಳಿದಂತಿತ್ತು. ಮದುವೆಯಾಗಿ ಹದಿನಾರು ವರ್ಷ. ಅವಳ ಮಡಿಲನ್ನು ನೋಡಿ ಅಯ್ಯೋ ಅಂದವರೇ ಎಲ್ಲ. ಬರಿದಾದುದಕ್ಕೆ ಒಳ್ಳೆಯ ಹೆಸರಿಟ್ಟವರು ಫಾದರ್ ಒಬ್ಬರೇ. ಸಾಲದ್ದಕ್ಕೆ ಈ ವರ್ಷ ಗೋದಲಿಯ ಉಸ್ತುವಾರಿಯನ್ನೂ ಅವಳಿಗೇ ಕೊಟ್ಟು, ರೋಗಿಗಳನ್ನು ನೋಡಲು ಹೊರಟುಹೋಗಿದ್ದರು. ಇವತ್ತು ಏನಾದರೂ ಎಡವಟ್ಟಾದರೆ ಆ ಕೆಲಸ ಚರ್ಚಿನಲ್ಲಿ ಆರ್ಗನ್ ನುಡಿಸುವ ಮೇಷ್ಟ್ರ ಹೆಂಡತಿಗೆ ಹೋಗುತ್ತದೆ. ಆಕೆ ಹಾಲಿನ ಮೇಲೆ ಕಣ್ಣಿಟ್ಟ ಬೆಕ್ಕಿನಂತೆ ಕಾಯುತ್ತಿದ್ದಳು.

ಹೂವಕ್ಕ ಬೆಂಚಿನ ಮೇಲೆ ಕೂತಳು. ಬಣ್ಣದ ಗಾಜಿನಿಂದ ಇಳಿದ ನೇರಳೆ ಬೆಳಕು ಹುಲ್ಲಿನ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ನೋಡುತ್ತ ನೋಡುತ್ತ ತೊಟ್ಟಿಲು ತಾನಾಗಿ ತೂಗಿದಂತಾಯಿತು.

ಮೊದಲು ಬಂದವಳು ದರ್ಜಿಯಮ್ಮ. ಮಗುವನ್ನು ಇಡಲು ಮರೆತಿದ್ದಾರೆಂದುಕೊಂಡು, ಕಣ್ಣು ಪಿಳಿಪಿಳಿ ಮಾಡುವ ಗೊಂಬೆಗೆ ಲೇಸಿನ ಅಂಗಿ ತೊಡಿಸಿ ತಂದಿದ್ದಳು. ಹೂವಕ್ಕ ಫಾದರ್ ಹೇಳಿದ್ದನ್ನೆಲ್ಲ ಒಪ್ಪಿಸಿ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋದು ನಿಮ್ಮ ಕಸುಬು. ಇಲ್ಲಿ ಬೇಡ" ಅಂದಳು.

"ಖಾಲಿ ತೊಟ್ಟಿಲು ನಿಮಗೆ ಅಭ್ಯಾಸ ಇರಬಹುದು ಅಕ್ಕ, ನಮಗಿಲ್ಲ" ಎಂದು ದರ್ಜಿಯಮ್ಮ ಗೊಂಬೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು. ಆ ಮಾತು ಸೂಜಿಯಂತೆ ಒಳಗೇ ಉಳಿಯಿತು.

ಮಧ್ಯಾಹ್ನ ಬೇಕರಿಯವನು ಹಿಟ್ಟಿನಲ್ಲೇ ಮಗು ಮಾಡಿ, ಬಿಸಿಬಿಸಿಯಾಗಿ ತಟ್ಟೆಯಲ್ಲಿ ತಂದ. ಕಣ್ಣಿಗೆ ಒಣದ್ರಾಕ್ಷಿ. ಒಲೆಯ ಕಾವಿಗೆ ಹೊಟ್ಟೆ ಉಬ್ಬಿ, ಮಗು ಊಟ ಮುಗಿಸಿದ ಪುರಸಭೆ ಸದಸ್ಯನಂತಿತ್ತು. ಅದೂ ವಾಪಸ್ಸಾಯಿತು. ಮನನೊಂದ ಬೇಕರಿಯವನು ಮೆಟ್ಟಿಲಿಳಿಯುವಷ್ಟರಲ್ಲಿ ಒಂದು ಕಾಲನ್ನು ತಿಂದುಬಿಟ್ಟಿದ್ದ.

ಆಮೇಲೆ ಹೂವಕ್ಕನಿಗೆ ಜೊಂಪು ಹತ್ತಿತು. ಕಣ್ಣು ಬಿಟ್ಟರೆ ತೊಟ್ಟಿಲಲ್ಲಿ ಮಗು. ಗುಲಾಬಿ ಕೆನ್ನೆ, ಚಾಚಿದ ಪುಟ್ಟ ಕೈ. ಒಂದು ಗಳಿಗೆ ಅವಳು ನಂಬಿಯೇಬಿಟ್ಟಳು. ಕೈ ತಾನಾಗಿ ಮುಂದೆ ಹೋಯಿತು. ಆಗ ಪಕ್ಕದಲ್ಲಿ ಆರ್ಗನ್ ಮೇಷ್ಟ್ರ ಹೆಂಡತಿ ಕೆಮ್ಮಿದಳು. ಅದು ತನ್ನ ಅಜ್ಜಿಯ ಕಾಲದ ಸುಣ್ಣದ ಬೊಂಬೆ, ತಾನೇ ತಂದಿಟ್ಟದ್ದು ಅಂದಳು. ಹೂವಕ್ಕ ಅದನ್ನೆತ್ತಿ ಅವಳ ಕೈಗಿಟ್ಟಳು. ಇನ್ನು ನಮ್ಮ ಮನೆಯಿಂದ ಈ ಚರ್ಚಿಗೆ ಹುಲ್ಲುಕಡ್ಡಿಯೂ ಬರೋದಿಲ್ಲ ಎಂದು ಆಕೆ ದಡದಡ ನಡೆದಳು.

ಸಂಜೆ ಫಾದರ್ ಬಂದಾಗ ಹೂವಕ್ಕ ಕೋಟೆ ಉಳಿಸಿಕೊಂಡ ಸೇನಾಪತಿಯಂತೆ ಎದ್ದು ನಿಂತಳು. "ಮೂರು ಮಗು ಬಂದವು ಫಾದರ್. ಮೂರನ್ನೂ ಒಳಗೆ ಬಿಡಲಿಲ್ಲ."

ಫಾದರ್ ಬೆಂಚಿನ ಮೇಲೆ ಕುಸಿದರು. ಆಮೇಲೆ ಎದ್ದು, ಒಳಕೋಣೆಯ ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದು ಮುಚ್ಚಳ ಸರಿಸಿದರು. ಹತ್ತಿಯ ನಡುವೆ ಚರ್ಚಿನ ಬಾಲಯೇಸು ಚೂರುಚೂರಾಗಿ ಮಲಗಿತ್ತು.

"ಹೋದ ಸಲ ಎತ್ತಿಡುವಾಗ ನನ್ನ ಕೈಯಿಂದಲೇ ಜಾರಿತಮ್ಮ. ಹೇಳೋಕೆ ನಾಚಿಕೆ. ಖಾಲಿ ತೊಟ್ಟಿಲು ನೋಡಿದರೆ ಯಾರಾದರೂ ಒಂದು ತಂದಾರು ಅಂತ ಕಾಯ್ತಿದ್ದೆ."

"ಹಾಗಾದ್ರೆ ಬೆಳಿಗ್ಗೆ ಹೇಳಿದ್ದು?"

"ಅದೂ ನಿಜವೇ. ಜಾಗ ಬಿಟ್ಟರೆ ಬರುತ್ತೆ ಅಂತ ನಂಬಿದ್ದೆ. ಒಂದೇ ದಿನ ಮೂರು ಬರುತ್ತೆ ಅಂದ್ಕೊಂಡಿರಲಿಲ್ಲ." ಪೆಟ್ಟಿಗೆಯ ಮುಚ್ಚಳ ಹಾಕುತ್ತ ಕೇಳಿದರು, "ಯಾವುದು ಚೆನ್ನಾಗಿತ್ತು?"

ಹೂವಕ್ಕ ಆರ್ಗನ್ ಮೇಷ್ಟ್ರ ಮನೆಗೆ ಒಬ್ಬಳೇ ಹೋದಳು. ಪೆಟ್ಟಿಗೆಯ ಸುದ್ದಿ ಎತ್ತಲಿಲ್ಲ. ತಪ್ಪೆಲ್ಲ ತನ್ನದೇ ಅಂದಳು. ಮೇಷ್ಟ್ರ ಹೆಂಡತಿ ಬಾಗಿಲಲ್ಲೇ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಬೊಂಬೆ ಕೊಡುವುದಕ್ಕೆ ಅಡ್ಡಿಯಿಲ್ಲ, ಆದರೆ ನಾಳೆಯಿಂದ ಗೋದಲಿಯ ಉಸ್ತುವಾರಿ ತನ್ನದು, ಹೂವಕ್ಕ ಹೂವು ನೋಡಿಕೊಂಡರೆ ಸಾಕು ಅಂದಳು. ಹೂವಕ್ಕ ತಲೆಯಾಡಿಸಿದಳು.

ಬೊಂಬೆ ಆಗ ಎತ್ತಿದ್ದಕ್ಕಿಂತ ಈಗ ಭಾರವೆನಿಸಿತು. ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡಳು. ಬೀದಿದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಚರ್ಚು ಎಡಕ್ಕೆ ತಿರುಗಿದರೆ ನಾಲ್ಕೇ ಹೆಜ್ಜೆ. ಹೂವಕ್ಕ ಬಲಕ್ಕೆ ತಿರುಗಿ, ಕೆರೆ ಬಳಸಿ ಚರ್ಚಿಗೆ ಹೋಗುವ ಸುತ್ತುದಾರಿ ಹಿಡಿದಳು.