ಬೇಲಿಯಾಚೆಯ ಹೆಣ್ಣುಗಿಡಗಳು

ಸಸ್ಯಶಾಸ್ತ್ರ ಓದಿದವರ ಹಣೆಬರಹವೇ ಇಷ್ಟು. ಡಾಕ್ಟರು ಸಿಕ್ಕರೆ ಜನ ನಾಲಿಗೆ ಚಾಚುತ್ತಾರೆ, ನಾವು ಸಿಕ್ಕರೆ ಬಾಡಿದ ಎಲೆ ಚಾಚುತ್ತಾರೆ. ಮೈಸೂರಿನಲ್ಲಿ ಎಂ.ಎಸ್ಸಿ. ಮಾಡಿ, ಎಂಬತ್ತರ ದಶಕದಲ್ಲಿ ಗಂಡನ ಹಿಂದೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಬೆರ್ರಿಯೆಸಾಗೆ ಬಂದು, ಅಲ್ಲೊಂದು ನರ್ಸರಿಯ ಕೌಂಟರಿನಲ್ಲಿ ನಿಂತ ಮೇಲೂ ಅದು ನನ್ನನ್ನು ಬಿಡಲಿಲ್ಲ. ನೆನೆಸಿಕೊಂಡರೆ ನಗು ಬರುತ್ತದೆ, ನಕ್ಕ ಮೇಲೆ ಸಂಕಟವಾಗುತ್ತದೆ.

ಟೊಮೇಟೊ

ಕೆಲಸಕ್ಕೆ ಸೇರಿದ ಹೊಸತು. ಟೈ ಕಟ್ಟಿದ್ದ ಗಿರಾಕಿಯೊಬ್ಬರು ಕಾಗದದ ಚೀಲದಿಂದ ಒಂದು ಕುಡಿ ತೆಗೆದು ಪಿಸುಗುಟ್ಟಿದರು. “ನನ್ನ ಟೊಮೇಟೊ ಗಿಡ. ಗಂಡೋ ಹೆಣ್ಣೋ ಹೇಳ್ತೀರಾ?”

ನೋಡಿದರೆ, ನಮ್ಮಲ್ಲಿ ಬೈರಾಗಿಗಳು ಚಿಲುಮೆಗೆ ತುಂಬುವ ಗಾಂಜಾ! ಪಾಪ, ಯಾರೋ ಮೋಸ ಮಾಡಿದ್ದಾರೆ ಎಂದು ನನಗೆ ಮರುಕ. “ಸರ್, ಇದು ಟೊಮೇಟೊನೇ ಅಲ್ಲ. ಬೀಜ ನಮ್ಮಲ್ಲೇ ತಗೊಂಡಿದ್ರೆ ಬದಲಾಯಿಸಿ ಕೊಡ್ತೀವಿ,” ಎಂದು ಅಂಗಡಿಗೆಲ್ಲ ಕೇಳುವ ಹಾಗೆ ಹೇಳಿದೆ. ಆ ಮನುಷ್ಯ ಚೀಲವನ್ನೂ ಬಿಟ್ಟು ಓಡಿದ.

ಮಾಲೀಕ ತಲೆ ಚಚ್ಚಿಕೊಂಡ. “ನೋಡಮ್ಮ, ಈ ಅಂಗಡೀಲಿ ಅದು ಟೊಮೇಟೊನೇ. ನಿಜವಾದ ಟೊಮೇಟೊ ತಂದವರನ್ನ ಮಾತ್ರ ಅನುಮಾನದಿಂದ ನೋಡು.”

ಹೆಣ್ಣು ನೋಡುವ ಶಾಸ್ತ್ರ

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ರಿಟೈರ್ಡ್ ಅಮೆರಿಕನ್ ಟೀಚರಮ್ಮ ಇದ್ದರು. ಅವರ ಯಜಮಾನರಿಗೆ ಕ್ಯಾನ್ಸರು. ಔಷಧಿ ಚುಚ್ಚಿಸಿಕೊಂಡು ಬಂದರೆ ನೀರೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಗಾಂಜಾ ಹೂವು ಸೇದಿದರೆ ವಾಂತಿ ನಿಂತು ನಾಲ್ಕು ತುತ್ತು ಸೇರುತ್ತದೆಂದು ಯಾರೋ ಕಿವಿಯಲ್ಲಿ ಊದಿದ್ದರು. ಜೀವಮಾನದಲ್ಲಿ ಕೆಂಪು ದೀಪ ದಾಟದ ಆ ಹೆಂಗಸು ಹಿತ್ತಲಲ್ಲಿ ಕದ್ದುಮುಚ್ಚಿ ಗಿಡ ಹಾಕಿ, ಹೂವಿನ ಕಾಲಕ್ಕೆ ನನ್ನನ್ನು ಕರೆದರು.

ಗೆಣ್ಣಿನಲ್ಲಿ ಪುಟ್ಟ ಗುಂಡುಗಳು ಜೋತುಬಿದ್ದರೆ ಗಂಡು, ಎರಡು ಬಿಳಿ ಎಳೆ ಹೊರಗೆ ಚಾಚಿದರೆ ಹೆಣ್ಣು. ಕಸುವು ಹೆಣ್ಣುಹೂವಿನಲ್ಲಿ. ಗಂಡಿನ ಪರಾಗ ತಗುಲಿತೋ, ಬೀಜ ಕಟ್ಟಿ ಆ ಕಸುವು ಇಳಿಯುತ್ತದೆ. ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿ ಹೇಳಿದೆ. ಗುಂಡು ಒಡೆಯುವ ಮೊದಲೇ ಗಂಡುಗಳನ್ನೆಲ್ಲ ಅವರು ಕಿತ್ತು ಬೇಲಿಯ ಬಳಿ ಹಾಕಿದರು.

ನಮ್ಮವರಿಗೆ ಆಗ ಸಿಟಿಜನ್‌ಶಿಪ್ ಇಂಟರ್‌ವ್ಯೂ ಹತ್ತಿರವಿತ್ತು. ಆಕಾಶದಲ್ಲಿ ಹೆಲಿಕಾಪ್ಟರ್ ಸದ್ದಾದರೆ ಗಾಂಜಾ ಹುಡುಕುವ ಪೊಲೀಸರೇ ಎಂದು ಬಾತ್‌ರೂಮಿಗೆ ಓಡುತ್ತಿದ್ದರು. ಗಿಡ ಯಾರಿಗೂ ಕಾಣದಿರಲೆಂದು ಬೇಲಿಯುದ್ದಕ್ಕೂ ಅವರಮ್ಮನ ಸೀರೆಗಳನ್ನು ಹರವಿದರು. “ಪೊಲೀಸು ಬಂದ್ರೆ, ನನಗೆ ಗಂಡು ಹೆಣ್ಣು ವ್ಯತ್ಯಾಸಾನೇ ಗೊತ್ತಿಲ್ಲ ಅಂದ್ಬಿಡೇ!”

ಗಂಡಿನ ಕಡೆಯವರು

ಅತ್ತೆ ಆಗಷ್ಟೇ ಮೈಸೂರಿನಿಂದ ಬಂದಿದ್ದರು. ಕಿರಿಮಗಳಿಗೆ ಗಂಡು ಕೂಡಿಬರದೆ ಹಣ್ಣಾಗಿದ್ದ ಜೀವ.

“ಅದೇನೇ ಕಿತ್ತು ಹಾಕಿರೋದು?”

“ಗಂಡು ಗಿಡ ಅತ್ತೆ. ಹೆಣ್ಣಿನ ಹತ್ರ ಇರಬಾರದಂತೆ.”

“ರಾಮ ರಾಮಾ! ಹೂ ಬಿಡೋ ಗಿಡ ಕೀಳ್ತಾರೇನೇ? ನಾವು ಒಂದು ಗಂಡಿಗಾಗಿ ಕಂಡೋರ ಬಾಗಿಲೆಲ್ಲ ತಟ್ಟಿದ್ದೀವಿ. ಇವಳು ಮನೆ ಮುಂದೆ ಬಂದ ಗಂಡುಗಳನ್ನ ಬೇರುಸಮೇತ ಕಿತ್ತು ಬಿಸಾಕ್ತಾಳಲ್ಲ!”

ನಾನು ನಕ್ಕು ಕೆಲಸಕ್ಕೆ ಹೋದೆ.

ಅಕ್ಟೋಬರಿನಲ್ಲಿ ಟೀಚರಮ್ಮ ಒಂದು ಹೂಗೊಂಚಲು ತಂದು ನನ್ನ ಎದುರೇ ಉಜ್ಜಿದರು. ಅಂಗೈ ತುಂಬ ಬೀಜ ಉದುರಿತು. ಗಂಡುಗಳನ್ನೆಲ್ಲ ಕಿತ್ತ ಮೇಲೆ ಈ ಪರಾಗ ಎಲ್ಲಿಂದ ಬಂತು?

ಬೇಲಿಯ ಮೇಲಿನ ಸೀರೆ ಸರಿಸಿದೆ. ಅದರ ಹಿಂದೆ, ಬೇಲಿಯ ನಮ್ಮ ಕಡೆಗೇ, ಒಂದು ಬಕೆಟ್ಟು ನೀರು, ಅದರಲ್ಲಿ ಕಿತ್ತೆಸೆದ ಗಂಡುಗಳೆಲ್ಲ ನೆಟ್ಟಗೆ ನಿಂತು ಹೂ ಒಡೆದಿದ್ದವು. ಒಂದೊಂದಕ್ಕೂ ಕುಂಕುಮ! ಬೇಲಿಯ ಸಂದಿಯಲ್ಲಿ ತೂರಿದ ಅರಿಶಿನದ ದಾರ ಆಚೆಯ ಹೆಣ್ಣುಗಳ ಕೊರಳಿನಲ್ಲಿ! ಟೀಚರಮ್ಮ ಆ ದಾರವನ್ನು ದಿನವೂ ನೋಡಿದ್ದರಂತೆ. ಯಜಮಾನರು ಬೇಗ ಗುಣವಾಗಲಿ ಎಂದು ನಾವು ಕಟ್ಟಿದ್ದೆಂದು ತಿಳಿದು, ಸಂತೋಷವಾಗಿ, ಬಿಚ್ಚದೆ ಕಾಪಾಡಿದ್ದರು.

ಅಷ್ಟರಲ್ಲಿ ಅತ್ತೆ ಬಂದು ಬೀಜ ನೋಡಿ ಹಿಗ್ಗಿದರು. “ನೋಡಿದ್ಯಾ, ಮಡಿಲು ತುಂಬಿದೆ! ನಾನೇ ಮದುವೆ ಮಾಡಿಸಿದ್ದು ಅಂತ ಹೇಳೇ ಅವಳಿಗೆ.”

ಮದುವೆ ಊಟ

ಹೇಳದೆ ವಿಧಿಯಿರಲಿಲ್ಲ. ಟೀಚರಮ್ಮ ಬಯ್ಯಲಿಲ್ಲ. ಬೀಜದ ಕೈ ಮುಚ್ಚಿಕೊಂಡು ಒಳಗೆ ಹೋದರು. ಅವರು ಬಯ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಬೇಸಿಗೆಯೆಲ್ಲ ಹೆದರಿ ಹೆದರಿ ಬೆಳೆಸಿದ್ದು. ಇನ್ನೊಂದು ಬೆಳೆ ತೆಗೆಯುವಷ್ಟು ಆಯುಸ್ಸು ಆ ಮನುಷ್ಯನಿಗೆ ಉಳಿದಿರಲಿಲ್ಲ, ಯುಗಾದಿಗೆ ಮುಂಚೆಯೇ ಹೋಗಿಬಿಟ್ಟರು. ಬೀಜ ಉದುರಿದ ದಿನವೇ ವಿಷಯವೆಲ್ಲ ತಿಳಿದು ಅತ್ತೆ ತುಳಸಿಯ ಮುಂದೆ ಕೂತು ಅತ್ತರು. ಒಳ್ಳೆಯದು ಮಾಡಲು ಹೋಗಿ ಹೀಗೆ ಮಾಡಿದವರನ್ನು ಏನೆಂದು ಸಮಾಧಾನಪಡಿಸುವುದು?

ಆದರೆ ಅದೇ ದಿನ, ಸ್ವಲ್ಪ ಹೊತ್ತಿಗೆ ಆಚೆ ಕಿಟಕಿಯಿಂದ ಯಜಮಾನರು ಜೋರಾಗಿ ನಕ್ಕದ್ದು ಕೇಳಿಸಿತು. “ನಿಮ್ಮತ್ತೆಗೆ ಹೇಳು, ಮದುವೆ ಊಟಕ್ಕೆ ನನ್ನನ್ನ ಕರೀಲೇ ಇಲ್ಲ!”

ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅತ್ತೆ ಕಣ್ಣೊರೆಸಿಕೊಂಡು ಶಾವಿಗೆ ಪಾಯಸ ಮಾಡಿ, ಬಟ್ಟಲು ಹಿಡಿದು ಆಚೆ ಮನೆಗೆ ನಡೆದರು. ಯಜಮಾನರು ಎರಡು ಚಮಚ ತಿಂದರು. ಮರುಗಳಿಗೆ ಟೀಚರಮ್ಮ ಬೋಗುಣಿ ಹಿಡಿದರು, ಎಲ್ಲ ಹೊರಗೆ ಬಂತು.

ಅತ್ತೆ ಬಟ್ಟಲು ಹಿಡಿದು ನಿಂತೇ ಇದ್ದರು. ಯಜಮಾನರು ಬಾಯಿ ಒರೆಸಿಕೊಂಡು, ಸುಧಾರಿಸಿಕೊಂಡು, ಅತ್ತೆಯನ್ನೇ ನೋಡಿ ಹೇಳಿದರು:

“ಪಾಯಸ ಬಹಳ ಚೆನ್ನಾಗಿತ್ತಮ್ಮ. ಹೋಗುವಾಗಲೂ, ಬರುವಾಗಲೂ.”