ನೆಂಟರನ್ನು ಕಾಲಂಗೆ ಹಾಕಿದ ಮಾಮ

ನಮ್ಮ ಮಾಮನಿಗೆ ಚಿತ್ರಾನ್ನ ಬಡಿಸುವವರು ಅರ್ಧ ದಿನ ರಜೆ ಹಾಕಿಯೇ ಬಡಿಸಬೇಕು! ತಟ್ಟೆ ಮುಂದೆ ಬಂದದ್ದೇ ತಡ, ಕಡಲೆಬೀಜ ಒಂದು ಕಡೆ, ಕರಿಬೇವು ಒಂದು ಕಡೆ, ಮೆಣಸಿನಕಾಯಿ ಇನ್ನೊಂದು ಕಡೆ ಸಾಲಾಗಿ ಕೂರುತ್ತವೆ. ಅನ್ನ ಒಂಟಿಯಾದ ಮೇಲೆ ಊಟ ಶುರು. ಇಷ್ಟೆಲ್ಲ ಬಿಡಿಸಿ ತಿನ್ನುವವರಿಗೆ ನಾನು ಕಲಸುವುದಾದರೂ ಯಾಕೆ ಎಂದು ಅತ್ತೆ ಕೇಳಿ ಕೇಳಿ ಸುಸ್ತಾಗಿ, ಈಗ ಚಿತ್ರಾನ್ನ ಮಾಡುವುದನ್ನೇ ಬಿಟ್ಟಿದ್ದಾರೆ.

ಇಂಥವರಿಗೆ ಎಂಥ ಕೆಲಸ ಸಿಗಬೇಕು ಹೇಳಿ? ಸರಿಯಾಗಿ ಅಂಥದ್ದೇ ಸಿಕ್ಕಿತು! ಚನ್ನಪಟ್ಟಣದಲ್ಲಿರುವ ಮಾಮ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಗೆ ಹೊರಗಿನ ಕಂಪನಿಗಳ ಆರ್ಡರು ಬರುವುದು ಎಕ್ಸ್‌ಎಂಎಲ್ ಎಂಬ ರೂಪದಲ್ಲಂತೆ. ಏನದು ಎಂದು ಗಾಬರಿ ಬೇಡ. ನಮ್ಮ ಅಜ್ಜಿ ತಮ್ಮ ಊರು ಕಲ್ಯದಿಂದ ತರುವ ಗಂಟು ಎಂದುಕೊಳ್ಳಿ. ಗೋಣಿಚೀಲದೊಳಗೆ ಕೈಚೀಲ, ಕೈಚೀಲದೊಳಗೆ ಕವರು, ಕವರಿನೊಳಗೆ ಅವರೆಕಾಯಿ. ಪ್ರತಿಯೊಂದಕ್ಕೂ ಇಲ್ಲಿ ಶುರು, ಇಲ್ಲಿ ಮುಗಿಯಿತು ಎಂದು ಚೀಟಿ. ಮಾಮನ ಕೆಲಸ ಆ ಗಂಟು ಬಿಚ್ಚಿ, ಒಳಗಿನದನ್ನೆಲ್ಲ ಡೇಟಾಬೇಸ್ ಎಂಬ ಕಂಪ್ಯೂಟರ್ ಕಡತದ ಟೇಬಲ್ಲುಗಳಲ್ಲಿ ಸಾಲು, ಕಾಲಂ ನೋಡಿ ಜೋಡಿಸುವುದು. ಚಿತ್ರಾನ್ನದ ಕೆಲಸವೇ, ಆದರೆ ಇದಕ್ಕೆ ಸಂಬಳ ಕೊಡುತ್ತಾರೆ!

ರಾಮನಗರದ ನಮ್ಮ ಮನೆಯಲ್ಲಿ ತಂಗಿಯ ಮದುವೆ ಗೊತ್ತಾಯಿತು. ಯಾರ್ಯಾರನ್ನು ಕರೆಯಬೇಕು ಎಂಬುದು ಅಜ್ಜಿಯ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಮಾಮ ಎದೆಯುಬ್ಬಿಸಿ ಲ್ಯಾಪ್‌ಟಾಪ್ ಹಿಡಿದು ಬಂದರು. “ಅವ್ವ, ನೀನು ಹೇಳ್ತಾ ಹೋಗು. ನೆಂಟ್ರೂ ಒಂದೇ, ನಟ್ಟು ಬೋಲ್ಟೂ ಒಂದೇ” ಎಂದರು. ಆ ಧೈರ್ಯ ನೋಡಿ ನನಗೇ ಭಯವಾಯಿತು.

ಅಜ್ಜಿ ಹೇಳಿದ್ದೂ ಗಂಟಿನ ಲೆಕ್ಕದಲ್ಲೇ. ಮೊದಲು ಊರು, ಊರೊಳಗೆ ಮನೆ, ಮನೆಯೊಳಗೆ ಹಿರಿಯರು, ಅವರೊಳಗೆ ಮಕ್ಕಳು. ಎಲ್ಲ ಸಲೀಸು. ಆದರೆ ಕನಕಪುರದ ದೊಡ್ಡಮ್ಮನ ಮಗಳ ಹೆಸರು ಬಂದ ಕೂಡಲೇ ಗಂಟು ಸಿಕ್ಕಾಯಿತು. ದೊಡ್ಡಮ್ಮ ಎಂದರೆ ಅಜ್ಜಿಯ ಹಿರಿ ಮಗಳು, ನನ್ನ ಅಮ್ಮನಿಗೂ ಮಾಮನಿಗೂ ಅಕ್ಕ. ಅವರ ಮಗಳನ್ನು ಕೊಟ್ಟಿರುವುದು ಕಲ್ಯದಲ್ಲಿ ಅಜ್ಜಿಯ ಜೊತೆಗಿರುವ ಇನ್ನೊಬ್ಬ ಮಾಮನಿಗೇ, ಅಂದರೆ ಈ ಮಾಮನ ಅಣ್ಣನಿಗೇ. ಅಂದ ಮೇಲೆ ಆ ಹುಡುಗಿ ಕನಕಪುರದ ಚೀಲದಲ್ಲಿ ಮಗಳು, ಕಲ್ಯದ ಚೀಲದಲ್ಲಿ ಸೊಸೆ. ಅಕ್ಕನ ಮಗಳನ್ನೇ ತರುವ ನಮ್ಮ ಕಡೆಯಲ್ಲಿ ಯಾವ ಹೆಂಗಸು ತಾನೇ ಒಂದೇ ಚೀಲದಲ್ಲಿ ಕೂತಾಳು? ಎಕ್ಸ್‌ಎಂಎಲ್ ಮಾಡಿದವರಿಗೆ ಇದು ಯಾರು ಹೇಳಬೇಕು?

ಮಾಮ ಜಗ್ಗಲಿಲ್ಲ. ಎಲ್ಲರನ್ನೂ ಚೀಲದಿಂದ ಹೊರಗೆ ಸುರಿದು ಎರಡು ಟೇಬಲ್ ಮಾಡಿದರು. ಒಂದರಲ್ಲಿ ಜನ, ತಲೆಗೊಂದು ನಂಬರು. ಇನ್ನೊಂದರಲ್ಲಿ ಬರೀ ನೆಂಟಸ್ತನ, ಯಾವ ನಂಬರಿಗೆ ಯಾವ ನಂಬರು ಏನಾಗಬೇಕು ಎಂದು ಸಾಲು ಸಾಲು. ಅಜ್ಜಿಗೆ ಒಂದನೇ ನಂಬರು ಕೊಟ್ಟು ಮೆಚ್ಚುಗೆಗೆ ಕಾದರು.

“ನಾನೇನ್ ಜೈಲಲ್ಲಿ ಇವ್ನೇನ್ಲಾ, ನಂಬರ್ ಕೊಡಕೆ?” ಎಂದರು ಅಜ್ಜಿ.

ಇನ್ನೊಂದು ತಕರಾರು ಇತ್ತು. ಅಜ್ಜಿಗೆ ಬರೀ ಹೆಸರು ಹೇಳಿ ಗೊತ್ತಿಲ್ಲ. ಇವಳ ಕೈ ಸಾರು ಬಲು ರುಚಿ, ಅವನು ನಮ್ಮ ಬಾವಿ ತೋಡಿದಾಗ ಮಣ್ಣು ಹೊತ್ತವನು ಎಂದು ನಡುನಡುವೆ ಕತೆ. ಇದಕ್ಕೆಲ್ಲ ಕಾಲಂ ಇಲ್ಲ, ಹೆಸರು, ಊರು ಸಾಕು ಎಂದು ಮಾಮ ಗೋಗರೆದರು. ಅಜ್ಜಿ ಕೇಳಬೇಕಲ್ಲ! ಕೊನೆಗೆ ಬೇರೆ ದಾರಿ ಕಾಣದೆ, ಅಜ್ಜಿಯ ಮಾತನ್ನೆಲ್ಲ ಬಿಡಿಸದೆ ಇಡಿಯಾಗಿ ಸುರಿಯಲು ತುದಿಯಲ್ಲೊಂದು ದೊಡ್ಡ ಕಾಲಂ ಮಾಡಿದರು. ಅಜ್ಜಿ ಮತ್ತೆ ಮೊದಲಿನಿಂದ ಶುರು ಮಾಡಿದರು. ದೊಡ್ಡಮ್ಮನ ಸರದಿ ಬಂದಾಗ ನಾನು ಕಾಫಿ ತರಲು ಒಳಗೆ ಹೋಗಿದ್ದೆ. ಬಂದು ನೋಡಿದರೆ ಮಾಮ ಹಿತ್ತಲಲ್ಲಿ ನಲ್ಲಿಯ ಕೆಳಗೆ ಮುಖ ಒಡ್ಡಿ ನಿಂತಿದ್ದರು. ಕಣ್ಣುರಿ ಎಂದರು. ಕಂಪ್ಯೂಟರ್ ನೋಡುವವರಿಗೆ ಇದ್ದದ್ದೇ ಎಂದು ನಾನೂ ಸುಮ್ಮನಾದೆ.

ಪಟ್ಟಿ ಅಚ್ಚಾಗಿ ಬಂತು. ನಾವು ಹೆಮ್ಮೆಯಿಂದ ಅದನ್ನೇ ಹಿಡಿದು, ಅದು ಹೇಳಿದ ಸಾಲಿನಲ್ಲೇ ಕರೆಯಲು ಹೊರಟೆವು. ಗಂಟಿನಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂಬ ಲೆಕ್ಕ ಇರುತ್ತದೆ. ಟೇಬಲ್ಲಿಗೆ ಆ ಮರ್ಯಾದೆ ಇಲ್ಲವಂತೆ! ಯಾವುದು ಮೊದಲು ಎಂದು ನಾವೇ ಹೇಳದಿದ್ದರೆ ಸಾಲುಗಳು ಹೇಗೆ ಬೇಕೋ ಹಾಗೆ ಬರುತ್ತವೆ. ಮಾಮ ಹೇಳಲು ಮರೆತಿದ್ದರು. ಕನಕಪುರದಲ್ಲಿ ದೊಡ್ಡಮ್ಮನ ವಾರಗಿತ್ತಿಯನ್ನು ಮೊದಲ ದಿನವೇ ಕರೆದೆವು. ಅದೇ ಬೀದಿಯ ದೊಡ್ಡಮ್ಮನ ಹೆಸರು ಕೊನೆಯ ಹಾಳೆಯಲ್ಲಿತ್ತು.

ಆ ಕೊನೆಯ ಹಾಳೆ ಹಿಡಿದು ಹೋದಾಗ ದೊಡ್ಡಮ್ಮ ನಮಗೆ ನೀರು ಕೊಟ್ಟರು, ಕಾಫಿ ಕೊಡಲಿಲ್ಲ. ಕುಂಕುಮದ ತಟ್ಟೆಯನ್ನು ಮುಟ್ಟಲಿಲ್ಲ. “ದಿನಾ ನಮ್ಮೂರ ಮೇಲೇ ಫ್ಯಾಕ್ಟ್ರಿಗೆ ಓಯ್ತಾನೆ. ಅಕ್ಕ ಅನ್ನೋಳು ಒಬ್ಳವ್ಳೆ ಅಂತ ಕೊನೇಲಿ ಗ್ಯಾನ ಬಂತಾ?” ಎಂದಷ್ಟೇ ಹೇಳಿ ಒಳಗೆ ಹೋದರು.

ಅಮ್ಮ ದಾರಿಯುದ್ದಕ್ಕೂ ಅತ್ತರು. ದೊಡ್ಡಮ್ಮ ಮುಂದೆ ನಿಲ್ಲದೆ ನಮ್ಮ ಮನೆಯಲ್ಲಿ ಚಪ್ಪರದ ಕಂಬ ನೆಟ್ಟದ್ದೇ ಇಲ್ಲ. ಅವರು ಬಾರದಿದ್ದರೆ ಅದೆಂಥ ಮದುವೆ? ಇಷ್ಟು ದಿನ ಮಾಮನನ್ನು ನೋಡಿ ನಗುತ್ತಿದ್ದ ನನಗೆ ಅಂದು ನಿಜಕ್ಕೂ ಸಿಟ್ಟು ಬಂತು.

ಮಾಮ ಮಾತ್ರ ಭಾನುವಾರ ಲ್ಯಾಪ್‌ಟಾಪ್ ಎತ್ತಿಕೊಂಡು ಕನಕಪುರಕ್ಕೆ ಹೊರಟರು. ಅಕ್ಕನ ಕಾಲು ಹಿಡಿಯುವುದು ಬಿಟ್ಟು ಇದನ್ನೇಕೆ ಹೊತ್ತಿದ್ದೀರಿ ಎಂದು ಗೊಣಗುತ್ತ ನಾನೂ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. ಮಾಮ ಎದುರಿಗೆ ಕೂತು, ತಪ್ಪಾಯ್ತು ಎನ್ನದೆ, ಆ ತುದಿಯ ಕಾಲಂ ತೆಗೆದು ಅಜ್ಜಿಯ ಮಾತನ್ನು ಓದತೊಡಗಿದರು.

“ಇವ್ಳು ನನ್ ಹಿರೇ ಮಗಳು. ಕಿರಿಯವ್ನು ಹುಟ್ಟುದಾಗ ನಾನು ಜ್ವರ ಬಂದು ಮಲಗ್ಬುಟ್ಟಿದ್ದೆ, ಎದೇಲಿ ಹಾಲಿರ್ನಿಲ್ಲ. ಇವ್ಳೂ ಹಸಿ ಬಾಣಂತಿ. ತನ್ ಕೂಸ್ಗೂ ಕುಡ್ಸುದ್ಲು, ನನ್ ಕೂಸ್ಗೂ ಕುಡ್ಸುದ್ಲು. ಇವ್ಳಿಲ್ದಿದ್ರೆ ಅವ್ನು ಉಳೀತಿರ್ನಿಲ್ಲ. ಇದ್ನ ಇವ್ಳ ಮುಂದೆ ಒಂದ್ ದಿನಾನೂ ಆಡ್ನಿಲ್ಲ ನಾನು.”

ಅವರೆಕಾಯಿ ಬಿಡಿಸುತ್ತಿದ್ದ ಕೈ ನಿಂತಿತು. “ಅವ್ವ ಹಿಂಗಂದ್ಳಾ?” ಎಂದರು ದೊಡ್ಡಮ್ಮ.

“ಅಂದ್ಲು. ಟೇಬಲ್ನಲ್ಲಿ ಎಲ್ಲಾರ್ಗೂ ತಾಯಿ ಅಂತ ಒಂದೇ ಸಾಲು ಅಕ್ಕ. ನಂಗೆ ಎರಡು ಹಾಕಿವ್ನಿ. ಅವ್ವಂದೊಂದು, ನಿಂದೊಂದು.” ಮಾಮ ಲ್ಯಾಪ್‌ಟಾಪ್ ಮುಚ್ಚಿದರು. “ಕರ್ಯೋ ಪಟ್ಟೀಲಿ ನಿನ್ ಹೆಸ್ರು ಈಗಿಲ್ಲ. ಮನೆಯವ್ರನ್ನ ಯಾರಾರ ಕರೀತಾರಾ? ಕರ್ಕೊಂಡ್ ಓಗಕೆ ಬಂದಿವ್ನಿ.”

ದೊಡ್ಡಮ್ಮ ಎದ್ದು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಆಯಿತು, ಎಲ್ಲ ಮುಗಿಯಿತು ಎಂದು ನಾನು ಚಪ್ಪಲಿ ಹುಡುಕುತ್ತಿದ್ದೆ. ಆಗ ಬಂದು ಮಾಮನ ಮುಂದೆ ಒಂದು ತಟ್ಟೆ ಇಟ್ಟರು. ಚಿತ್ರಾನ್ನ. ಕಡಲೆಬೀಜ ಒಂದು ಕಡೆ, ಕರಿಬೇವು ಒಂದು ಕಡೆ, ಮೆಣಸಿನಕಾಯಿ ಇನ್ನೊಂದು ಕಡೆ, ಎಲ್ಲ ಆಗಲೇ ಆಯ್ದಿಟ್ಟಿತ್ತು.

“ಚಿಕ್ಕೋನಾಗಿದ್ದಾಗ ಖಾರ ಸಿಕ್ಕುದ್ರೆ ಉಸ್ರು ಕಟ್ಟೋಗಂಗೆ ಅಳೋನು. ನಾನೇ ಹಿಂಗೆ ಬಿಡ್ಸಿ ಉಣ್ಣುಸ್ತಿದ್ದೆ” ಎಂದು ನನಗೆ ಹೇಳಿ, ಮಾಮನ ತಲೆಯ ಮೇಲೆ ಕೈಯಿಟ್ಟರು. “ತಿನ್ಲಾ ಮಗ. ಸೀರೆ ಜೋಡುಸ್ಕೊಂಡ್ ಬತ್ತೀನಿ.”