ಸೇನಾಪತಿಯ ಹಾಗಲಕಾಯಿ

ಮಹಾಪುರುಷರು ಏನು ಸಾಧಿಸಿದರೆಂಬುದು ನಮ್ಮ ಜನಕ್ಕೆ ಅಷ್ಟಾಗಿ ಬೇಕಿಲ್ಲ. ಅವರು ಏನು ತಿನ್ನುತ್ತಿದ್ದರು, ಎಷ್ಟು ಹೊತ್ತಿಗೆ ಏಳುತ್ತಿದ್ದರು, ಹೆಂಡತಿಗೆ ಹೆದರುತ್ತಿದ್ದರೋ ಇಲ್ಲವೋ, ಇಷ್ಟು ತಿಳಿದರೆ ಸಾಕು. ಈ ಹಸಿವು ತಣಿಸುವ ಪುಣ್ಯಕಾರ್ಯ ತೊಂಬತ್ತರ ದಶಕದಲ್ಲಿ ನನ್ನ ಪಾಲಿಗೆ ಬಂದಿತ್ತು. ಚಾಮರಾಜಪೇಟೆಯ ಒಂದು ವಾರಪತ್ರಿಕೆಯಲ್ಲಿ ನಾನು ಕರಡು ತಿದ್ದುತ್ತಿದ್ದೆ. ಕಥೆಯೋ ಲೇಖನವೋ ಮುಗಿದು ಪುಟದ ಅಡಿಯಲ್ಲಿ ಜಾಗ ಉಳಿದರೆ, ಪುಟ ಕಟ್ಟುವ ರಾಮಣ್ಣ "ಸಾರ್, ನಾಕು ಸಾಲು ಬೇಕು" ಎಂದು ಕೂಗುತ್ತಿದ್ದ. ಅಲ್ಲಿಗೆ "ನಿಮಗಿದು ಗೊತ್ತೇ?" ಎಂಬ ತಲೆಬರಹ ಹಾಕಿ ಏನಾದರೊಂದು ಸೋಜಿಗ ತುಂಬಿಸುವುದು ನನ್ನ ಕೆಲಸ. ಮೊದಮೊದಲು ಲೈಬ್ರರಿಯಲ್ಲಿ ಹುಡುಕಿ ಬರೆದೆ. ಆದರೆ ನಿಜ ಎನ್ನುವುದು ಎಂದೂ ಸರಿಯಾಗಿ ನಾಲ್ಕೇ ಸಾಲು ಇರುವುದಿಲ್ಲ. ಹಾಗಾಗಿ ಮನೆಯಲ್ಲೇ ತಯಾರಿಸತೊಡಗಿದೆ. ಜಾಗ ನಾಲ್ಕು ಸಾಲಿದ್ದರೆ ವಿಜ್ಞಾನಿ ತಣ್ಣೀರಿನಲ್ಲಿ ಸ್ನಾನ ಮಾಡುತ್ತಿದ್ದ. ಆರು ಸಾಲಿದ್ದರೆ ಆಮೇಲೆ ತನ್ನ ಕಾಲುಚೀಲವನ್ನೂ ತಾನೇ ಒಗೆದುಕೊಳ್ಳುತ್ತಿದ್ದ. ಯಾರೂ ಪ್ರಶ್ನಿಸಲಿಲ್ಲ. ಬದಲಿಗೆ ಗಾಂಧಿಬಜಾರಿನಲ್ಲಿ ನಿವೃತ್ತ ಗುಮಾಸ್ತರೊಬ್ಬರು ನನ್ನದೇ ಸುಳ್ಳನ್ನು ನನಗೆ ಹೇಳಿ, "ಇಂಥದ್ದೆಲ್ಲ ಓದ್ಕೋಬೇಕು ಕಣ್ರೀ" ಎಂದು ಬುದ್ಧಿ ಹೇಳಿದರು.

ಒಂದು ದಿನ ಊಟಕ್ಕೆ ಕುಳಿತಾಗ ತಟ್ಟೆಯಲ್ಲಿ ಹಾಗಲಕಾಯಿ ಗೊಜ್ಜಿತ್ತು. "ಪ್ರಾಚೀನ ರೋಮಿನ ಸೇನಾಪತಿಗಳು ಯುದ್ಧಕ್ಕೆ ಹೊರಡುವ ಮುನ್ನ ಹಸಿ ಹಾಗಲಕಾಯಿ ತಿನ್ನುತ್ತಿದ್ದರು" ಎಂದು ಅಲ್ಲೇ ಗಟ್ಟಿಯಾಗಿ ಹೇಳಿಕೊಂಡು ಬರೆದೆ. ಎದುರಿಗಿದ್ದ ಮಗಳು ವಸುಧಾ, ಆಗ ಒಂಬತ್ತನೇ ಕ್ಲಾಸು, ನೆತ್ತಿಗೆ ಹತ್ತುವ ಹಾಗೆ ನಕ್ಕಳು.

ಮೂರು ತಿಂಗಳ ಮೇಲೆ ವಿಶ್ವೇಶ್ವರಪುರಂನಲ್ಲಿ ಶಾಲೆಗಳ ರಸಪ್ರಶ್ನೆ ಸ್ಪರ್ಧೆ. ವಸುಧಾ ವರ್ಷವೆಲ್ಲ ಅದಕ್ಕಾಗಿಯೇ ಓದಿದ್ದಳು. ಕೊನೆಗೆ ಅವಳ ಶಾಲೆ ಮತ್ತು ಮಲ್ಲೇಶ್ವರದ ಒಂದು ಶಾಲೆ ಸರಿಸಮವಾಗಿ ನಿಂತವು. ಗೆಲುವು ತೀರ್ಮಾನಿಸುವ ಪ್ರಶ್ನೆ ಅವಳಿಗೆ ಬಂತು: "ರೋಮಿನ ಸೇನಾಪತಿಗಳು ಯುದ್ಧಕ್ಕೆ ಮುಂಚೆ ಯಾವ ತರಕಾರಿ ತಿಂತಿದ್ರು?"

ನಾನು ಮೂರನೇ ಸಾಲಿನಲ್ಲಿ ಕುಳಿತಿದ್ದೆ. ಉತ್ತರ ಅವಳಿಗೆ ಗೊತ್ತು. ಹೇಳಮ್ಮಾ, ಹೇಳಿ ಗೆದ್ದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಸಾರ್, ಅದು ಸುಳ್ಳು" ಎಂದಳು.

"ನಿಂಗೆ ಹೇಗಮ್ಮಾ ಗೊತ್ತು? ಪತ್ರಿಕೇಲೇ ಬಂದಿದೆಯಲ್ಲ?"

ಅವಳು ನನ್ನನ್ನು ನೋಡಿದಳು. ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಅವಳು ತಲೆ ತಗ್ಗಿಸಿ "ಗೊತ್ತಿಲ್ಲ ಸಾರ್" ಎಂದಳು. ಮಲ್ಲೇಶ್ವರದವರು ಹಾಗಲಕಾಯಿ ಎಂದು ಕೂಗಿ ಗೆದ್ದರು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಪ್ರಶ್ನೆ ಕೇಳುತ್ತಿದ್ದ ಮೇಷ್ಟರಿಗೆ ನನ್ನ ಪರಿಚಯವಿತ್ತು. "ಇಂಥ ಅಪರೂಪದ ವಿಷಯ ಹುಡುಕಿ ಕೊಡೋರು ನಮ್ ಮಧ್ಯೇನೇ ಕೂತಿದಾರೆ, ಬನ್ನಿ ಸಾರ್" ಎಂದು ವೇದಿಕೆಗೆ ಕರೆದು, ಗೆದ್ದವರಿಗೆ ನನ್ನ ಕೈಯಿಂದಲೇ ಬಹುಮಾನ ಕೊಡಿಸಿದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನು ವಿನಯದಿಂದ ಕೈಮುಗಿದೆ.

ಹೊರಗೆ ಬಂದು ತಿಂಡಿ ಬೀದಿಯಲ್ಲಿ ಅವಳಿಗೆ ಬಿಸಿ ಹೋಳಿಗೆ ಕೊಡಿಸಿದೆ. ಅರ್ಧ ತಿಂದು ಕೇಳಿದಳು: "ಅಪ್ಪಾ, ನಿಮ್ ಮರ್ಯಾದೆ ಹೋಗ್ಬಾರ್ದು ಅಂತ ನಾನು ಸುಮ್ನಾದೆ. ನೀವ್ಯಾಕೆ ಸುಮ್ನಿದ್ರಿ?"

ನಾಚಿಕೆಯಾಯಿತು, ನಿಜವಾಗಿ. ಉತ್ತರವೇನೋ ನನಗೆ ಚೆನ್ನಾಗಿಯೇ ಗೊತ್ತಿತ್ತು: ಆ ಚಪ್ಪಾಳೆ ನನಗೆ ಹಿಡಿಸಿತ್ತು. ಅದನ್ನು ಮಗಳೆದುರು ಹೇಳುವ ಧೈರ್ಯ ಬಾರದೆ, ಅವಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿ, ಮೇಲೆ ತುಪ್ಪವನ್ನೂ ಬಿಡಿಸಿದೆ. ಅವಳು ಮುಟ್ಟಲಿಲ್ಲ. ಆರಿಹೋಗುತ್ತದಲ್ಲ ಎಂದು ನಾನೇ ತಿಂದೆ.